ಝೋನುಲಿನ್ ಟೆಸ್ಟ್: ಕಿಟ್ ಅಳೆದದ್ದು ಏನನ್ನ?

'ಲೀಕಿ ಗಟ್' ಅನ್ನೋ ಮಾತನ್ನ ರೀಲ್ಸ್‌ನಲ್ಲಿ ಕೇಳಿರ್ತೀರಿ. ಹೊಟ್ಟೆ ಉಬ್ಬರ, ಸುಸ್ತು, ಅಲರ್ಜಿ, ಎಲ್ಲಕ್ಕೂ ಕರುಳು ಸೋರೋದೇ ಕಾರಣ ಅಂತಾರೆ. ಅದನ್ನ ಪತ್ತೆ ಮಾಡೋಕೆ ಝೋನುಲಿನ್ ಟೆಸ್ಟ್ ಮಾಡಿಸಿ ಅಂತಾನೂ ಹೇಳ್ತಾರೆ. ಇವತ್ತು ಆ ಟೆಸ್ಟಿನ ಕಥೆ.

ಕರುಳಿನ ಒಳಪದರದಲ್ಲಿ ಜೀವಕೋಶಗಳು ಒಂದೇ ಸಾಲಿನಲ್ಲಿ ಒತ್ತಾಗಿ ನಿಂತಿರುತ್ತವೆ. ಪಕ್ಕಪಕ್ಕದ ಕೋಶಗಳ ಸಂದನ್ನ ಆಕ್ಲೂಡಿನ್, ಕ್ಲಾಡಿನ್ ಥರದ ಪ್ರೋಟೀನುಗಳು ಬಿಗಿಯಾಗಿ ಮುಚ್ಚಿರುತ್ತವೆ. ಇದೇ ಟೈಟ್ ಜಂಕ್ಷನ್.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಟಲಿ ಮೂಲದ ವೈದ್ಯ ಅಲೆಸಿಯೊ ಫಸಾನೊ ಕಾಲರಾ ಲಸಿಕೆ ಬಗ್ಗೆ ಸಂಶೋಧನೆ ಮಾಡ್ತಿದ್ದರು. ಕಾಲರಾ ಬ್ಯಾಕ್ಟೀರಿಯಾದ ಒಂದು ವಿಷ ಈ ಜಂಕ್ಷನ್ನನ್ನ ಸಡಿಲ ಮಾಡುತ್ತೆ ಅಂತ 1991ರಲ್ಲಿ ಅವರ ತಂಡ ಪ್ರಕಟಿಸಿತು. ಹಾಗಾದ್ರೆ ನಮ್ಮ ದೇಹದಲ್ಲೇ ಇಂಥ ಕೆಲಸ ಮಾಡೋ ಪ್ರೋಟೀನ್ ಇರಬೇಕಲ್ವಾ? ಹುಡುಕಿದರು. 2000ನೇ ಇಸವಿಯಲ್ಲಿ ಅದಕ್ಕೆ ಝೋನುಲಿನ್ ಅಂತ ಹೆಸರಿಟ್ಟು, ಗೋಧಿಯ ಗ್ಲೂಟೆನ್ ಆಗದ ಸೀಲಿಯಾಕ್ ರೋಗಿಗಳಲ್ಲಿ ಇದು ಹೆಚ್ಚು ಅಂದರು. ಅದು ಪ್ರಿಹ್ಯಾಪ್ಟೊಗ್ಲೋಬಿನ್-2 ಅನ್ನೋ ಪ್ರೋಟೀನ್ ಅಂತ 2009ರಲ್ಲಿ ಗುರುತಿಸಿದರು.

ಇನ್ನು ಅಳೆಯೋದು ಹೇಗೆ? ಎಲೈಸಾ ಅನ್ನೋ ವಿಧಾನದಿಂದ. 1971ರಲ್ಲಿ ಸ್ವೀಡನ್ನಿನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಇದನ್ನ ಪ್ರಕಟಿಸಿದರು. ನೆದರ್ಲೆಂಡ್ಸ್‌ನ ಇನ್ನೊಂದು ತಂಡವೂ ಅದೇ ವರ್ಷ ಇಂಥದ್ದೇ ವಿಧಾನ ತಂದಿತು. ಆ್ಯಂಟಿಬಾಡಿ ತನಗೆ ಹೊಂದೋ ಪ್ರೋಟೀನನ್ನ ಹಿಡಿಯುತ್ತೆ, ಕಿಣ್ವ ಬಣ್ಣ ಬರಿಸುತ್ತೆ, ಪ್ರಮಾಣ ಗೊತ್ತಿರೋ ಮಾದರಿಗಳ ಬಣ್ಣದ ಜೊತೆ ಹೋಲಿಸಿ ಲೆಕ್ಕ ಹಾಕ್ತಾರೆ. ಆದ್ರೆ ಆ್ಯಂಟಿಬಾಡಿ ಬೇರೆ ಯಾವುದನ್ನೋ ಹಿಡಿದ್ರೂ ಬಣ್ಣ ಬರುತ್ತೆ, ಅಂಕಿ ಬರುತ್ತೆ.

ಝೋನುಲಿನ್ ಕಿಟ್‌ಗಳು ಮಾರುಕಟ್ಟೆಗೆ ಬಂದವು. ಸಕ್ಕರೆ ಕಾಯಿಲೆ, ಬೊಜ್ಜು ಹೀಗೆ ಎಷ್ಟೋ ವಿಷಯಗಳ ಸಂಶೋಧಕರು ಅವನ್ನ ಬಳಸಿದರು.

2018ರಲ್ಲಿ ಜರ್ಮನಿಯ ಲೈಪ್‌ಜಿಗ್ ತಂಡ ಒಂದು ಸರಳ ಪರೀಕ್ಷೆ ಮಾಡಿತು. ಕೆಲವರ ಜೀನ್ ಹೇಗಿರುತ್ತೆ ಅಂದ್ರೆ, ಅವರ ದೇಹದಲ್ಲಿ ಪ್ರಿಹ್ಯಾಪ್ಟೊಗ್ಲೋಬಿನ್-2 ತಯಾರಾಗೋದೇ ಇಲ್ಲ. ಅವರ ರಕ್ತದಲ್ಲಿ ಕಿಟ್ ಸೊನ್ನೆ ತೋರಿಸಬೇಕಿತ್ತು. ತೋರಿಸಲಿಲ್ಲ! ಕಿಟ್ ಬಹುಶಃ ಹಿಡೀತಿದ್ದದ್ದು ಪ್ರೊಪರ್ಡಿನ್ ಅನ್ನೋ ಬೇರೆ ಪ್ರೋಟೀನನ್ನ. ಮರುವರ್ಷ ಆಸ್ಟ್ರೇಲಿಯಾದ ತಂಡವೂ ಎರಡು ಕಿಟ್ ಪರೀಕ್ಷಿಸಿ, ಇವು ಅಳೀತಿರೋದು ಪ್ರಿಹ್ಯಾಪ್ಟೊಗ್ಲೋಬಿನ್-2 ಅಲ್ಲ ಅಂದಿತು. ಪಾಸ್‌ಬುಕ್ಕಲ್ಲಿ ಕೂಡಿದ ಲೆಕ್ಕ ಸರಿ ಇದೆ, ಆದ್ರೆ ಖಾತೆ ಬೇರೆಯವರದ್ದು ಅನ್ನೋ ಹಾಗೆ.

ಹಾಗಂತ ಎಲೈಸಾ ಸುಳ್ಳಲ್ಲ. ಸೀಲಿಯಾಕ್ ರೋಗಕ್ಕೆ ಡಾಕ್ಟರು ಬರೆದುಕೊಡೋ ಟಿಟಿಜಿ ರಕ್ತಪರೀಕ್ಷೆಯನ್ನೂ ಇದೇ ವಿಧಾನದಲ್ಲಿ ಮಾಡ್ತಾರೆ. ಅಲ್ಲಿ ಏನನ್ನ ಅಳೀತಿದ್ದೀವಿ ಅನ್ನೋದು ಖಚಿತವಾಗಿದೆ. ಕರುಳು ಸಡಿಲಾಗೋದೂ ಸುಳ್ಳಲ್ಲ, ಸೀಲಿಯಾಕ್‌ನಲ್ಲಿ ಅದು ನಿಜವಾಗ್ಲೂ ಆಗುತ್ತೆ.

ಅದಕ್ಕೇ ಒಂದು ಮಾತು. ಝೋನುಲಿನ್ ರಿಪೋರ್ಟ್ ನೋಡಿ ಚಪಾತಿ ಬಿಟ್ಟುಬಿಡಬೇಡಿ. ಗೋಧಿ ಬಿಟ್ಟ ಮೇಲೆ ಟಿಟಿಜಿ ಮಾಡಿಸಿದ್ರೆ, ಕಾಯಿಲೆ ಇದ್ರೂ ಇಲ್ಲ ಅಂತ ಬರಬಹುದು. ಮೊದಲು ಡಾಕ್ಟರ್ ಹತ್ರ ಹೋಗಿ.