ಗ್ರೀಸು ಸುಡುತ್ತಿದ್ದ ಇಳಿಜಾರು

ಮಣ್ಣುದಾರಿಯಲ್ಲಿ ಸೈಕಲ್ ಓಡಿಸುವುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ನಮ್ಮ ತಾಳವಾಡಿ ಕಡೆಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಕ್ಯಾರಿಯರ್ ಮೇಲೆ ತಮ್ಮನೋ ತಂಗಿಯೋ... ಇಷ್ಟನ್ನೂ ಹೊತ್ತುಕೊಂಡು ಕರೀ ಅಟ್ಲಾಸ್ ಸೈಕಲ್ಲುಗಳು ಎಷ್ಟೋ ವರ್ಷ ಕಲ್ಲುಮಣ್ಣಿನ ಮೇಲೆ ಓಡಿವೆ. ಹಾಗಿರುವಾಗ "ಮೌಂಟನ್ ಬೈಕ್ ಹುಟ್ಟಿದ್ದು ಅಮೆರಿಕದಲ್ಲಿ" ಎಂದು ಯಾರಾದರೂ ಹೇಳಿದರೆ ನಗು ಬರುವುದು ಸಹಜ. ಆದರೂ ಆ ಮಾತಿನಲ್ಲಿ ಅರ್ಧ ನಿಜ ಇದೆ. ಯಾವ ಅರ್ಧ ನಿಜ, ಯಾವ ಅರ್ಧ ಅಲ್ಲ ಎಂದು ಬಿಡಿಸಿ ನೋಡಿದರೆ ಚರಿತ್ರೆಯ ಒಂದು ಒಳ್ಳೆಯ ಪಾಠ ಸಿಗುತ್ತದೆ.

ಮೊದಲು ನಿಜವಲ್ಲದ ಅರ್ಧ ನೋಡೋಣ. ಸೈಕಲ್ ಬಂದ ಕಾಲದಲ್ಲಿ ಡಾಂಬರು ರಸ್ತೆ ಎಲ್ಲಿತ್ತು? ಎಲ್ಲ ಸೈಕಲ್ಲೂ ಮಣ್ಣಿನ ಮೇಲೇ ಓಡಬೇಕಿತ್ತು. 1897ರಲ್ಲಿ ಅಮೆರಿಕದ ಸೈನ್ಯದ 25ನೇ ಪದಾತಿ ದಳದ 20 ಮಂದಿ ಕಪ್ಪು ಸೈನಿಕರು, ಜೇಮ್ಸ್ ಮಾಸ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ, ಮೊಂಟಾನಾ ರಾಜ್ಯದ ಫೋರ್ಟ್ ಮಿಸೌಲಾದಿಂದ ಸೇಂಟ್ ಲೂಯಿಸ್ ನಗರದವರೆಗೆ ಸೈಕಲ್ ತುಳಿದರು. ಸುಮಾರು 1,900 ಮೈಲಿ, 41 ದಿನ. ಬೆಟ್ಟ, ಕೆಸರು, ಮರಳು ಯಾವುದನ್ನೂ ಬಿಡಲಿಲ್ಲ. ಬಂದೂಕು, ಹೊದಿಕೆ, ಊಟದ ಸಾಮಾನು ಎಲ್ಲವೂ ಸೈಕಲ್ ಮೇಲೇ! ಆದ್ದರಿಂದ ಬೆಟ್ಟದಲ್ಲಿ ಸೈಕಲ್ ಓಡಿಸುವುದನ್ನು 1970ರ ದಶಕದಲ್ಲಿ ಯಾರೋ ಕಂಡುಹಿಡಿದರು ಎನ್ನುವಂತಿಲ್ಲ.

ಇನ್ನು ನಿಜವಾದ ಅರ್ಧ. ಬೆಟ್ಟಕ್ಕೆಂದೇ ಸೈಕಲ್ ಕಟ್ಟುವುದು, ಅದನ್ನು ಅಂಗಡಿಯಲ್ಲಿ ಮಾರುವುದು ಶುರುವಾದದ್ದು ಮಾತ್ರ ಅಮೆರಿಕದಲ್ಲಿ. ಅದಕ್ಕೆ ಕಾರಣವಾದದ್ದು ಬೆಟ್ಟದ ಬುಡದ ಒಂದು ಇಳಿಜಾರು.

ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಎಂಬ ಕೌಂಟಿ ಸಿಗುತ್ತದೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿನ ಹೆಸರಾಂತ ಬೆಟ್ಟ ಟ್ಯಾಮಲ್ಪಾಯಿಸ್, ಎತ್ತರ ಸುಮಾರು 784 ಮೀಟರ್. ನಮ್ಮ ದಿಂಬಂ ಇದಕ್ಕಿಂತ ಎತ್ತರದಲ್ಲಿದೆ! 1896ರಲ್ಲಿ ಈ ಬೆಟ್ಟಕ್ಕೆ 281 ತಿರುವುಗಳ ಒಂದು ರೈಲು ಹಾಕಿದ್ದರು. 1930ರಲ್ಲಿ ರೈಲು ನಿಂತಿತು, ಕಂಬಿ ಕಿತ್ತರು, ದಾರಿ ಉಳಿಯಿತು. ಇದಲ್ಲದೆ ಕಾಡ್ಗಿಚ್ಚು ಬಿದ್ದಾಗ ಆರಿಸುವ ಗಾಡಿಗಳು ಹೋಗಲೆಂದು ಸುತ್ತಲಿನ ಗುಡ್ಡಗಳಲ್ಲೆಲ್ಲ ಮಣ್ಣಿನ ರಸ್ತೆ ಕಡಿದಿದ್ದರು. ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರಿನ ಹತ್ತಿರ, ಪೈನ್ ಮೌಂಟನ್ ಗುಡ್ಡದಿಂದ ಇಳಿಯುವ ಅಂಥ ಒಂದು ರಸ್ತೆಯೇ ನಮ್ಮ ಕಥೆಯ ಇಳಿಜಾರು. ಉದ್ದ ಸುಮಾರು 2 ಮೈಲಿ, ಇಳಿತ ಸುಮಾರು 1,300 ಅಡಿ, ಅಂದರೆ 400 ಮೀಟರ್.

1970ರ ದಶಕದ ಆರಂಭದಲ್ಲಿ ಅಲ್ಲಿನ ಹುಡುಗರ ಕೈಗೆ ಸಿಕ್ಕಿದ್ದು ಗುಜರಿಗೆ ಹೋಗಬೇಕಾದ ಸೈಕಲ್ಲುಗಳು. ಶ್ವಿನ್ ಕಂಪನಿ 1933ರಲ್ಲಿ ಎರಡು ಇಂಚಿಗೂ ದಪ್ಪನೆಯ ಬಲೂನ್ ಟೈರಿನ ಸೈಕಲ್ ತಂದಿತ್ತು. ಮಕ್ಕಳು, ಪೇಪರ್ ಹಾಕುವ ಹುಡುಗರು ಓಡಿಸುತ್ತಿದ್ದ ಗಟ್ಟಿ ಸೈಕಲ್ ಅದು. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಕೆಲವೇ ಡಾಲರಿಗೆ ಸಿಗುತ್ತಿತ್ತು. ಹುಡುಗರು ಮಡ್‌ಗಾರ್ಡು, ಚೈನ್ ಕವರು ಎಲ್ಲ ಬಿಚ್ಚೆಸೆದು ಗುಡ್ಡಕ್ಕೆ ಒಯ್ದರು. ಇವಕ್ಕೆ ಅವರಿಟ್ಟ ಹೆಸರು 'ಕ್ಲಂಕರ್'. ನಾವು ಹಳೇ ಗಾಡಿಗೆ 'ಡಕೋಟಾ' ಅನ್ನುತ್ತೇವಲ್ಲ, ಹಾಗೆ.

ಆ ಡಕೋಟಾಗಳಿಗೆ ಕೈಯಲ್ಲಿ ಹಿಡಿಯುವ ಬ್ರೇಕ್ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ಬಿನೊಳಗೇ ಬ್ರೇಕ್ ಹಿಡಿಯುತ್ತಿತ್ತು. ಸಪಾಟು ಬೀದಿಗೆ ಅದು ಸಾಕು. 400 ಮೀಟರ್ ಇಳಿಜಾರಿಗೆ? ಒಂದು ಸಣ್ಣ ಲೆಕ್ಕ ಹಾಕೋಣ. ಸವಾರ ಮತ್ತು ಸೈಕಲ್ ಸೇರಿ 90 ಕೆ.ಜಿ. ಎಂದಿಟ್ಟುಕೊಳ್ಳಿ. 90ನ್ನು 9.8ರಿಂದ, ಅದನ್ನು 400ರಿಂದ ಗುಣಿಸಿದರೆ ಸುಮಾರು 3,50,000 ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು! ಸ್ವಲ್ಪ ಭಾಗ ಗಾಳಿಗೆ, ಟೈರಿಗೆ ಹೋದರೂ ಉಳಿದ ಬಿಸಿಯೆಲ್ಲ ಮುಷ್ಟಿಯೊಳಗೆ ಹಿಡಿಸುವಷ್ಟಿರುವ ಆ ಹಬ್ಬಿಗೇ ಸೇರಬೇಕು. ದಿಂಬಂ ಘಾಟಿಯ 27 ತಿರುವು ಇಳಿದು ಬಣ್ಣಾರಿ ತಲುಪುವ ಲಾರಿಗಳ ಬ್ರೇಕ್ ಸುಟ್ಟ ವಾಸನೆ ನಮಗೆಲ್ಲ ಗೊತ್ತು. ಇದೂ ಅದೇ. ಹಬ್ಬಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೀಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ 'ರಿಪ್ಯಾಕ್' ಅನ್ನುತ್ತಾರೆ. ಆ ರಸ್ತೆಗೂ ಅದೇ ಹೆಸರು ಅಂಟಿಕೊಂಡಿತು.

ನಮ್ಮಲ್ಲಿ ಯಾರು ಬೇಗ ಇಳಿಯುತ್ತಾರೆ ಎಂಬ ವಾದ ಎಲ್ಲಿ ಹುಡುಗರು ಸೇರಿದರೂ ಹುಟ್ಟುತ್ತದೆ. ಅದನ್ನು ತೀರ್ಮಾನಿಸಲು 1976ರ ಅಕ್ಟೋಬರ್ 21ರಂದು ರಿಪ್ಯಾಕ್‌ನಲ್ಲಿ ಮೊದಲ ಪಂದ್ಯ ನಡೆಯಿತು. ಅಲನ್ ಬಾಂಡ್ಸ್ ಗೆದ್ದರು. ಚಾರ್ಲಿ ಕೆಲ್ಲಿ ಎಂಬವರು ಪಂದ್ಯದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಒಬ್ಬೊಬ್ಬರನ್ನೇ ಬಿಡುವುದು, ಮೇಲೆ ಕೆಳಗೆ ಸಮಯ ಬರೆದುಕೊಳ್ಳುವುದು, ಇಷ್ಟೇ ಪದ್ಧತಿ. 1984ರವರೆಗೆ ಆಗಾಗ ನಡೆದ ಈ ಪಂದ್ಯಗಳಲ್ಲಿ ಗ್ಯಾರಿ ಫಿಶರ್ ಅವರ 4 ನಿಮಿಷ 22 ಸೆಕೆಂಡೇ ದಾಖಲೆ. ಜೋ ಬ್ರೀಜ್ ಅವರದು 4 ನಿಮಿಷ 24 ಸೆಕೆಂಡು. ಮಣ್ಣು, ಕಲ್ಲು, ಕುರುಡು ತಿರುವುಗಳ ಮೇಲೆ ಗಂಟೆಗೆ 40 ಕಿ.ಮೀ. ಮೀರಿದ ಸರಾಸರಿ ವೇಗ! ಈ ಬಳಗದ ವೆಂಡಿ ಕ್ರ್ಯಾಗ್ ಎಂಬ ಮಹಿಳೆ ತಾನೂ ಸೈಕಲ್ ಓಡಿಸುತ್ತ ಎಲ್ಲವನ್ನೂ ಫೋಟೋ ತೆಗೆದರು. ಅವರ ಕ್ಯಾಮೆರಾ ಇಲ್ಲದಿದ್ದರೆ ಆ ದಿನಗಳ ಎಷ್ಟೋ ಸಂಗತಿ ಇಂದು ಬರೀ ಬಾಯಿಮಾತಾಗಿ ಉಳಿಯುತ್ತಿತ್ತು.

ಪಂದ್ಯದಿಂದ ಬಂದ ದೊಡ್ಡ ಲಾಭ ಬೇರೆಯೇ. ಯಾವ ಭಾಗ ಮುರಿಯುತ್ತದೆ, ಯಾವುದು ತಾಳುತ್ತದೆ ಎಂದು ಆ ಇಳಿಜಾರೇ ಹೇಳಿಕೊಡುತ್ತಿತ್ತು. ಬ್ರೇಕ್ ಸುಟ್ಟಾಗ ಡ್ರಮ್ ಬ್ರೇಕ್ ತಂದರು. ಹಿಡಿ ಸಾಲದಾದಾಗ ಮೋಟಾರ್ ಸೈಕಲ್ಲಿನ ಬ್ರೇಕ್ ಹಿಡಿ ಹಾಕಿದರು. ಹತ್ತಲು ಆಗದಾದಾಗ ಗೇರು ಬಂತು. ಗೇರಿನ ವಿಷಯದಲ್ಲಿ ಕುಪರ್ಟಿನೋ ಊರಿನ ಗೆಳೆಯರ ಇನ್ನೊಂದು ಗುಂಪು ಮುಂದಿತ್ತು. 1974ರ ಡಿಸೆಂಬರಿನಲ್ಲಿ ಮರಿನ್‌ನಲ್ಲೇ ನಡೆದ ಒಂದು ಪಂದ್ಯಕ್ಕೆ ಅವರು ಗೇರು ಹಾಕಿದ ದಪ್ಪ ಟೈರಿನ ಸೈಕಲ್ ತಂದಿದ್ದರು. ಕೊಲರಾಡೋ ರಾಜ್ಯದ ಕ್ರೆಸ್ಟೆಡ್ ಬ್ಯೂಟ್‌ನವರೂ 1976ರಲ್ಲಿ ಇಂಥವೇ ಡಕೋಟಾಗಳಲ್ಲಿ ಪರ್ಲ್ ಪಾಸ್ ಎಂಬ ಎತ್ತರದ ಕಣಿವೆ ದಾಟಿದ್ದರು. ಹಾಗಾಗಿ ಇದನ್ನು ಒಬ್ಬನೇ ಕಂಡುಹಿಡಿದ ಎಂದು ಬರೆಯಲು ಬರುವುದಿಲ್ಲ.

ಹಳೇ ಫ್ರೇಮುಗಳು ಮುರಿಯುತ್ತಲೇ ಇದ್ದವು. 1977ರಲ್ಲಿ ಜೋ ಬ್ರೀಜ್ ಬೆಟ್ಟಕ್ಕೆಂದೇ ಹೊಸ ಫ್ರೇಮು ಬೆಸೆದರು. 'ಬ್ರೀಜರ್' ಎಂಬ ಆ ಮೊದಲ ಸೈಕಲ್ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. 1979ರಲ್ಲಿ ಫಿಶರ್ ಮತ್ತು ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಮಾರಲು 'ಮೌಂಟನ್‌ಬೈಕ್ಸ್' ಎಂಬ ಅಂಗಡಿ ತೆರೆದರು. ಆ ಹೆಸರು ಒಂದು ಕಂಪನಿಯದಾಗಿ ಉಳಿಯದೆ ಎಲ್ಲರದೂ ಆಯಿತು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ 'ಸ್ಟಂಪ್‌ಜಂಪರ್' ಎಂಬ ಸೈಕಲ್ಲನ್ನು ಜಪಾನಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಾಡಿಸಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ನೆದರ್ಲೆಂಡ್ಸಿನ ಬಾರ್ಟ್ ಬ್ರೆಂಟ್ಯೆನ್ಸ್, ಇಟಲಿಯ ಪಾವೊಲಾ ಪೆಟ್ಸೊ ಈ ಆಟದ ಮೊದಲ ಚಿನ್ನ ಗೆದ್ದರು. ಗುಜರಿಯಿಂದ ಒಲಿಂಪಿಕ್ಸಿಗೆ ಇಪ್ಪತ್ತು ವರ್ಷ!

ಇಲ್ಲಿಗೆ ಕಥೆ ಮುಗಿಸಿದರೆ ಅದು ಜಾಹೀರಾತು ಆದೀತು. ಸೈಕಲ್ಲು ಹೆಚ್ಚಿದಂತೆ ಬೆಟ್ಟದಲ್ಲಿ ಜಗಳವೂ ಹೆಚ್ಚಿತು. ನಡೆಯಲು ಬಂದವರು ಬೆಚ್ಚಿದರು, ಕುದುರೆಗಳು ಬೆದರಿದವು, ಮಣ್ಣು ಕೊಚ್ಚಿಹೋಗುತ್ತದೆಂಬ ದೂರು ಬಂತು. 1980ರ ದಶಕದಲ್ಲಿ ಮರಿನ್‌ನ ಕಾಲುದಾರಿಗಳಲ್ಲಿ ಸೈಕಲ್ ಬೇಡವೆಂದರು. ಅಗಲ ರಸ್ತೆಗಳಲ್ಲಿ ಗಂಟೆಗೆ 15 ಮೈಲಿ ಮಿತಿ ಹಾಕಿದರು. 1984ರಲ್ಲಿ ಅಮೆರಿಕದ ಅರಣ್ಯ ಇಲಾಖೆ ತನ್ನ ಕೈಕೆಳಗಿನ 'ವೈಲ್ಡರ್‌ನೆಸ್' ಕಾಡುಗಳಲ್ಲಿ ಸೈಕಲ್ಲನ್ನೇ ನಿಷೇಧಿಸಿತು. ಆಟ ಯಾವ ದಾರಿಯಲ್ಲಿ ಹುಟ್ಟಿತೋ ಆ ಬೆಟ್ಟದಲ್ಲೇ ಅದಕ್ಕೆ ಜಾಗ ಕಿರಿದಾಯಿತು. ಇದಕ್ಕೆ ಉತ್ತರವಾಗಿ 1988ರಲ್ಲಿ ಕ್ಯಾಲಿಫೋರ್ನಿಯಾದ ಸೈಕಲ್ ಸಂಘಗಳು ಸೇರಿ 'ಇಂಬಾ' ಎಂಬ ಸಂಸ್ಥೆ ಕಟ್ಟಿಕೊಂಡವು. ಸಲಿಕೆ ಹಿಡಿದು ದಾರಿ ರಿಪೇರಿ ಮಾಡುವುದು, ನಡೆಯುವವರಿಗೆ ದಾರಿ ಬಿಡುವುದು ಆಟದ ನಿಯಮದೊಳಗೇ ಸೇರಿತು.

ಎರಡೂ ಕಡೆಯವರ ಮಾತಿನಲ್ಲಿ ನ್ಯಾಯವಿದೆ ಎಂದೇ ನನಗೆ ಅನ್ನಿಸುತ್ತದೆ. ಕಾಡಂಚಿನಲ್ಲಿ ಬಾಳುವ ನಮಗೆ ಇದು ದೂರದ ಜಗಳವಲ್ಲ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ದನ ಮೇಯಿಸುವವರು, ಸೌದೆ ತರುವವರು, ಗುಡಿಗೆ ಹೋಗುವವರು, ಆನೆ, ಹುಲಿ ಎಲ್ಲರಿಗೂ ಬೇಕಾದ ದಾರಿ ಯಾರದು ಎಂಬ ಪ್ರಶ್ನೆ ಇಲ್ಲೂ ಇದೆ. ದಾರಿ ಬಳಸುವವರೇ ಅದನ್ನು ಕಾಯುವವರೂ ಆದರೆ ಮಾತುಕತೆಗೆ ಒಂದು ಜಾಗವಾದರೂ ಸಿಗುತ್ತದೆ ಎಂದು ಮರಿನ್‌ನ ಕಥೆ ಹೇಳುತ್ತದೆ.

ಇನ್ನೊಂದು ಮಾತು. ರೈಲಿಗಾಗಿ ಮಾಡಿದ ದಾರಿ, ಬೆಂಕಿಗಾಗಿ ಕಡಿದ ರಸ್ತೆ, ಪೇಪರ್ ಹುಡುಗರ ಸೈಕಲ್, ಮೋಟಾರ್ ಸೈಕಲ್ಲಿನ ಹಿಡಿ... ಈ ಚರಿತ್ರೆಯಲ್ಲಿ ಬಂದ ವಸ್ತುಗಳೆಲ್ಲ ಬೇರೆ ಯಾವುದೋ ಕೆಲಸಕ್ಕೆ ಮಾಡಿದವು. ಅವನ್ನು ಜೋಡಿಸಿದ್ದು ಬಿಚ್ಚಲು, ಕಟ್ಟಲು ಹೆದರದ ಕೈಗಳು. ತಮಿಳುನಾಡಿನಲ್ಲಿ ಹೈಯರ್ ಸೆಕೆಂಡರಿ ಮಕ್ಕಳಿಗೆ ಸರಕಾರ ಕೊಡುವ ಉಚಿತ ಸೈಕಲ್ಲನ್ನೂ ನಮ್ಮ ಹುಡುಗ ಹುಡುಗಿಯರು ಹೀಗೆಯೇ ಬಿಚ್ಚಿ ಕಟ್ಟಿ ತಮ್ಮ ದಾರಿಗೆ ಹೊಂದಿಸಿಕೊಳ್ಳುತ್ತಾರೆ. ಮುಂದಿನ ಸಲ ಮನೆಯಂಗಳದಲ್ಲಿ ಮಗ ಅಥವಾ ಮಗಳು ಸೈಕಲ್ ಬಿಚ್ಚಿ ಹರವಿಕೊಂಡು ಕೂತಿದ್ದರೆ ದಯವಿಟ್ಟು ಬೈಯಬೇಡಿ. ಗ್ರೀಸಿನ ಡಬ್ಬಿ ಹತ್ತಿರ ಸರಿಸಿ ಕೊಡಿ.