ಕೊಚ್ಚಿ ವಿಮಾನ ನಿಲ್ದಾಣದ ಸೌರವಿದ್ಯುತ್ ವ್ಯವಸ್ಥೆ

ಕೇರಳದ ನೆಡುಂಬಾಶ್ಶೇರಿಯಲ್ಲಿರುವ ಕೊಚ್ಚಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ತನ್ನ ಬಳಕೆಗೆ ಸಾಲುವಷ್ಟು ವಿದ್ಯುತ್ತನ್ನು ಬಿಸಿಲಿನಿಂದಲೇ ಪಡೆದ ಜಗತ್ತಿನ ಮೊದಲ ವಿಮಾನ ನಿಲ್ದಾಣ ಎಂದು ಹೆಸರಾಗಿದೆ. ಅನಿವಾಸಿ ಭಾರತೀಯರ ಹಣವನ್ನೂ ಕೂಡಿಸಿಕೊಂಡು ಕಟ್ಟಿದ ಈ ನಿಲ್ದಾಣ 1999ರಲ್ಲಿ ಆರಂಭವಾಯಿತು. ಇದನ್ನು ನಡೆಸುವ ಕಂಪನಿಗೆ ‘ಸಿಯಾಲ್’ ಎಂಬುದೇ ಬಳಕೆಯ ಹೆಸರು.

ಹವಾನಿಯಂತ್ರಣ, ರನ್‌ವೇ ದೀಪ, ಲಗೇಜು ಸಾಗಿಸುವ ಬೆಲ್ಟು ಎಲ್ಲವೂ ಹಗಲಿರುಳು ನಡೆಯಬೇಕಾದ ಕಡೆ ವಿದ್ಯುತ್ ಬಿಲ್ಲು ಸಣ್ಣದಲ್ಲ. ಆದರೂ ಸೌರವಿದ್ಯುತ್ತಿಗೆ ಸಿಯಾಲ್ ಒಮ್ಮೆಗೇ ಕೈಹಾಕಲಿಲ್ಲ. 2013ರ ಮಾರ್ಚ್‌ನಲ್ಲಿ ಆಗಮನ ಕಟ್ಟಡದ ಚಾವಣಿಯ ಮೇಲೆ 100 ಕಿಲೋವಾಟ್ ಸಾಮರ್ಥ್ಯದ ಫಲಕಗಳನ್ನು ಕೂರಿಸಿ ನೋಡಿತು. ಫಲ ಕಂಡಿತು. ಅದೇ ವರ್ಷ ವಿಮಾನ ದುರಸ್ತಿಯ ಹ್ಯಾಂಗರ್‌ನ ಚಾವಣಿಯಲ್ಲೂ ಪಕ್ಕದ ನೆಲದಲ್ಲೂ 1 ಮೆಗಾವಾಟ್ ಘಟಕ ಎದ್ದಿತು. ಅದನ್ನು ಅಳವಡಿಸಿದ್ದು ಬೆಂಗಳೂರಿನ ಎಮ್ವೀ ಸಂಸ್ಥೆ. ಮುಂದಿನ 12 ಮೆಗಾವಾಟ್ ಘಟಕದ ಕೆಲಸವೂ ಬೆಂಗಳೂರಿನವರಿಗೇ, ಅಂದರೆ ಹಳಬರು ಇಂದಿಗೂ ‘ಮೈಕೋ’ ಎನ್ನುವ ಬಾಷ್ ಕಂಪನಿಗೇ ಸಂದಿತು. ಕಾರ್ಗೋ ಸಂಕೀರ್ಣದ ಬಳಿ 45 ಎಕರೆಯಲ್ಲಿ 46,150 ಫಲಕಗಳನ್ನು ಹರಡಿದ ಈ ಘಟಕವನ್ನು 2015ರ ಆಗಸ್ಟ್ 18ರಂದು ಮುಖ್ಯಮಂತ್ರಿ ಉಮ್ಮನ್ ಚಾಂಡಿ ಉದ್ಘಾಟಿಸಿದರು. ದಿನಕ್ಕೆ 50,000ದಿಂದ 60,000 ಯೂನಿಟ್ ವಿದ್ಯುತ್ ಸಿಗತೊಡಗಿತು.

ಹಾಗಾದರೆ ಸೂರ್ಯ ಮುಳುಗಿದ ಮೇಲೆ? ಇಲ್ಲಿ ದೊಡ್ಡ ಬ್ಯಾಟರಿಗಳ ಸಾಲೇನೂ ಇರಲಿಲ್ಲ. ಹಗಲು ಮಿಕ್ಕಿದ್ದನ್ನು ಕೇರಳ ವಿದ್ಯುತ್ ಮಂಡಳಿಯ ಗ್ರಿಡ್‌ಗೆ ಕೊಡುವುದು, ರಾತ್ರಿ ಅಲ್ಲಿಂದಲೇ ಹಿಂದಕ್ಕೆ ಪಡೆಯುವುದು. ಮಳೆಗಾಲದಲ್ಲಿ ಇಳುವರಿ ಕುಗ್ಗಿದಾಗಲೂ ಆಸರೆ ಈ ಗ್ರಿಡ್ಡೇ. ಆದ್ದರಿಂದ ಕೊಚ್ಚಿಯ ಸ್ವಾವಲಂಬನೆ ಕೊಟ್ಟು-ತಂದ ಲೆಕ್ಕ ಸರಿಹೋಗುವುದರಲ್ಲಿದೆಯೇ ಹೊರತು ಗ್ರಿಡ್ಡಿನ ಹಂಗಿಲ್ಲದೆ ಇರುವುದರಲ್ಲಿಲ್ಲ. ವಿಮಾನಗಳು ಹಾರಾಟದಲ್ಲಿ ಸುಡುವ ಇಂಧನ ಈ ಲೆಕ್ಕದೊಳಗೆ ಬರುವುದೇ ಇಲ್ಲ. ‘ಬಿಸಿಲಲ್ಲೇ ನಡೆಯುವ ವಿಮಾನ ನಿಲ್ದಾಣ’ ಎಂಬ ಪ್ರಚಾರದ ನಡುವೆ ಇವೆರಡೂ ಮರೆಗೆ ಸರಿಯುತ್ತವೆ.

ಫಲಕಗಳ ಸಾಲಿನ ನಡುವೆ ಕಳೆ ಏಳತೊಡಗಿದಾಗ ಸಿಬ್ಬಂದಿ ಅಲ್ಲಿ ತರಕಾರಿ ಹಾಕಿದರು. ಬೂದುಗುಂಬಳ, ಬೆಂಡೆ, ಸೌತೆ, ಹಸಿಮೆಣಸಿನಕಾಯಿ, ಅರಿಸಿನ ಬೆಳೆದವು. ಫಲಕಗಳ ಧೂಳು ತೊಳೆದ ನೀರು ಅವಕ್ಕೇ ಹರಿಯುತ್ತದೆ. ಗಿಡಗಳು ನೆಲವನ್ನು ಮುಚ್ಚಿಕೊಂಡು ಕಳೆಯನ್ನು ತಡೆಯುತ್ತವೆ.

2018ರ ಆಗಸ್ಟ್‌ನ ಮಹಾಪೂರದಲ್ಲಿ ನಿಲ್ದಾಣ ಸುಮಾರು ಎರಡು ವಾರ ಮುಚ್ಚಿತ್ತು, ಸೌರಫಲಕಗಳಿಗೂ ಹಾನಿಯಾಯಿತು. ಮರುತಿಂಗಳೇ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ‘ಚಾಂಪಿಯನ್ಸ್ ಆಫ್ ದಿ ಅರ್ಥ್’ ಪ್ರಶಸ್ತಿ ಬಂತು.

ಹೊಸ ಟರ್ಮಿನಲ್‌ನಿಂದ ಬಳಕೆ ಏರಿದಂತೆ ಕಾರ್ ನಿಲುಗಡೆಯ ಮೇಲೆ, ಗಾಲ್ಫ್ ಮೈದಾನದ ಕೊಳಗಳಲ್ಲಿ ಕೂಡ ಫಲಕಗಳು ಬಂದವು. ಬಳಿಕ ಸಿಯಾಲ್ ನಿಲ್ದಾಣದ ಆವರಣವನ್ನೂ ದಾಟಿತು. 2021ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಅರಿಪ್ಪಾರದಲ್ಲಿ 4.5 ಮೆಗಾವಾಟ್‌ನ ಕಿರು ಜಲವಿದ್ಯುತ್ ಘಟಕ ತೆರೆಯಿತು, 2022ರಲ್ಲಿ ಪಯ್ಯನ್ನೂರಿನ ಬಳಿ ಗುಡ್ಡದ ಏರಿಳಿತಕ್ಕೆ ಹೊಂದಿಸಿದ 12 ಮೆಗಾವಾಟ್ ಸೌರ ಘಟಕವನ್ನು ಸ್ಥಾಪಿಸಿತು. ಅದೇ 2022ರ ಜೂನ್‌ನಿಂದ ದೆಹಲಿ ವಿಮಾನ ನಿಲ್ದಾಣವೂ ಪೂರ್ತಿಯಾಗಿ ಜಲ ಮತ್ತು ಸೌರ ವಿದ್ಯುತ್ತಿಗೆ ಬದಲಾಯಿತು. ಆದರೆ ಅದರ ಬಹುಪಾಲು ಸ್ವಂತದ್ದಲ್ಲ, ಹಿಮಾಚಲ ಪ್ರದೇಶದ ಜಲವಿದ್ಯುತ್ ಕಂಪನಿಯಿಂದ ದೀರ್ಘಾವಧಿ ಕರಾರಿನ ಮೇಲೆ ಕೊಳ್ಳುವುದು.