ಯಾರು ಹೇಳಿದರು, ಎಲ್ಲಿ ಬರೆದಿದೆ? ಫರಿಶ್ತಾನಿಂದ ನಮ್ಮ ಮಕ್ಕಳಿಗೊಂದು ಪಾಠ

ಸೂರಾ ಹುಜುರಾತ್‌ನ 6ನೇ ಆಯತ್ ನಮಗೊಂದು ಶಿಸ್ತನ್ನು ಕಲಿಸುತ್ತದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ಪರಿಶೀಲಿಸಬೇಕು. ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡಬೇಕಾದೀತು. ಹದೀಸ್ ವಿದ್ವಾಂಸರು ಯಾರಿಂದ ಯಾರು ಕೇಳಿದರು ಎಂಬ ಸರಪಳಿಯನ್ನು, ಅಂದರೆ ಇಸ್ನಾದನ್ನು, ಕಾಪಾಡಿದ್ದು ಇದೇ ಎಚ್ಚರದಿಂದ. ಹೈಸ್ಕೂಲಿನ ಮಕ್ಕಳು ಇತಿಹಾಸದ ಪ್ರಾಜೆಕ್ಟ್ ಬರೆಯುವಾಗಲೂ ಈ ಎಚ್ಚರ ಬೇಕು. ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದನ್ನು ನಕಲು ಮಾಡಿದರೆ ಅದು ಅಧ್ಯಯನವಾಗದು.

ಇದಕ್ಕೆ ಮಾದರಿ ನಮ್ಮ ಊರಿನಲ್ಲೇ ಇದೆ. ಇತಿಹಾಸಕಾರ ಮುಹಮ್ಮದ್ ಕಾಸಿಂ ಫರಿಶ್ತಾ 1589ರಲ್ಲಿ ಬಿಜಾಪುರಕ್ಕೆ ಬಂದರು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ‘ಗುಲ್ಶನೆ ಇಬ್ರಾಹಿಮಿ’ ಎಂಬ ದೊಡ್ಡ ಇತಿಹಾಸವನ್ನು ಫಾರ್ಸಿಯಲ್ಲಿ ಬರೆದರು. ಅದರ ಮುನ್ನುಡಿಯಲ್ಲಿ ತಾವು ಆಧಾರವಾಗಿ ಓದಿದ ಮೂವತ್ತಕ್ಕೂ ಹೆಚ್ಚು ಗ್ರಂಥಗಳ ಹೆಸರು ಕೊಟ್ಟಿದ್ದಾರೆ. ನಾನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಕುಳಿತ ಲೇಖಕರೊಬ್ಬರು ಓದುಗನಿಗೆ ತಮ್ಮ ಲೆಕ್ಕ ಒಪ್ಪಿಸಿದ್ದಾರೆ. ನಮ್ಮ ಒಂಬತ್ತನೇ ತರಗತಿಯ ಹುಡುಗ ಮೂರು ಪುಸ್ತಕಗಳ ಹೆಸರು ಬರೆಯಲಾರನೇ?

ಆದರೆ ಆಧಾರ ಕೊಟ್ಟ ಮಾತ್ರಕ್ಕೆ ಪ್ರತಿಯೊಂದು ಮಾತೂ ಸತ್ಯವಾಗುವುದಿಲ್ಲ. ಆದಿಲ್‌ಶಾಹಿ ವಂಶದ ಮೂಲಪುರುಷ ಯೂಸುಫ್ ಆದಿಲ್ ಖಾನ್ ಉಸ್ಮಾನಿ ಸುಲ್ತಾನ್ ಮುರಾದನ ಮಗ ಎಂದು ಫರಿಶ್ತಾ ಹೇಳುತ್ತಾರೆ. ಅದೇ ಕಾಲದ ರಫೀಉದ್ದೀನ್ ಶೀರಾಜಿ ತಮ್ಮ ‘ತಜ್ಕಿರತುಲ್ ಮುಲೂಕ್’ನಲ್ಲಿ ಬೇರೆ ವಂಶಮೂಲ ಹೇಳುತ್ತಾರೆ. ಯೂಸುಫ್ ತೀರಿಕೊಂಡದ್ದು 1510ರಲ್ಲಿ. ಇಬ್ಬರೂ ಬರೆದದ್ದು ಸುಮಾರು ನೂರು ವರ್ಷಗಳ ನಂತರ. ಆದ್ದರಿಂದ ವಿದ್ಯಾರ್ಥಿಯು ‘ಯೂಸುಫ್ ಸುಲ್ತಾನನ ಮಗ’ ಎಂದು ಬರೆಯದೆ, ‘ಫರಿಶ್ತಾ ಹೀಗೆ ಹೇಳುತ್ತಾರೆ, ಶೀರಾಜಿ ಹಾಗೆ ಹೇಳುತ್ತಾರೆ’ ಎಂದು ಬರೆಯಬೇಕು. ಇದೇ ಪ್ರಾಮಾಣಿಕತೆ.

ಕಲ್ಲಿನ ಸಾಕ್ಷಿಯನ್ನೂ ಓದಲು ಕಲಿಯಬೇಕು. ಗೋಲಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಮೂರು ಫಾರ್ಸಿ ವಾಕ್ಯಗಳಿವೆ. ಅಕ್ಷರಕ್ಕೊಂದು ಸಂಖ್ಯೆ ಕೊಡುವ ಅಬ್ಜದ್ ಲೆಕ್ಕದಲ್ಲಿ ಮೂರೂ ಹಿಜರಿ 1067 ಎಂದೇ ಹೇಳುತ್ತವೆ. ಅದು ಸುಲ್ತಾನ್ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ವರ್ಷ. ಇದಕ್ಕೆ 622 ಕೂಡಿಸಿದರೆ 1689 ಬರುತ್ತದೆ. ಆದರೆ ಔರಂಗಜೇಬ್ ಬಿಜಾಪುರವನ್ನು ಗೆದ್ದದ್ದೇ 1686ರಲ್ಲಿ! ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 11 ದಿನ ಚಿಕ್ಕದು. ಹಾಗಾಗಿ ಬರೀ ಕೂಡಿಸಿದರೆ ಸಾಲದು. ಸರಿಯಾದ ಇಸವಿ 1656. ಒಂದು ಆಧಾರವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ.

ಟಿಕೋಟಾ, ಬಬಲೇಶ್ವರ ಕಡೆಯ ಮಕ್ಕಳಿಗೆ ಒಂದು ಮಾತು. 1565ರ ಯುದ್ಧಕ್ಕೆ ಹೆಸರು ಕೊಟ್ಟದ್ದು ತಾಳಿಕೋಟೆ, ಟಿಕೋಟಾ ಅಲ್ಲ. ಹೆಸರು ಹತ್ತಿರವಿದೆಯೆಂದು ಯುದ್ಧವನ್ನು ನಿಮ್ಮೂರಿಗೆ ತರಬೇಡಿ. ಬದಲಿಗೆ ನಿಮ್ಮೂರಿನ ದರ್ಗಾ, ಗುಡಿ, ಹಳೆಯ ಬಾವಿಯ ಬಗ್ಗೆ ಹಿರಿಯರನ್ನು ಕೇಳಿ. ಹೇಳಿದವರ ಹೆಸರು, ವಯಸ್ಸು, ಊರು, ಕೇಳಿದ ದಿನಾಂಕ ಬರೆದಿಡಿ. ಪುಸ್ತಕವಾದರೆ ಲೇಖಕರು, ಪುಸ್ತಕದ ಹೆಸರು, ಪ್ರಕಾಶಕರು, ಇಸವಿ, ಪುಟ ಬರೆಯಿರಿ. ಶಾಸನವಾದರೆ ಎಲ್ಲಿದೆ, ಓದಿ ಹೇಳಿದವರು ಯಾರು ಎಂದು ತಿಳಿಸಿ.

ಫಾರ್ಸಿ ಬಾರದೆಂಬ ಚಿಂತೆ ಬೇಡ. ಆದಿಲ್‌ಶಾಹಿ ಕಾಲದ ಹಲವು ಕೃತಿಗಳನ್ನು ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಕನ್ನಡಕ್ಕೆ ಅನುವಾದ ಮಾಡಿಸಿ ಪ್ರಕಟಿಸಿದೆ. ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಹಾಕಿ ವಚನಗಳನ್ನು ಉಳಿಸಿದ ಹಳಕಟ್ಟಿಯವರ ಹೆಸರಿನ ಸಂಸ್ಥೆ ಸುಲ್ತಾನರ ಕಾಲದ ಗ್ರಂಥಗಳನ್ನೂ ನಮ್ಮ ಕೈಗಿತ್ತಿದೆ. ಈ ಊರಿನ ಇತಿಹಾಸ ಎಲ್ಲರದೂ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಪಾಲಕರೇ, ಇದು ಅಂಕಗಳ ವಿಷಯವಷ್ಟೇ ಅಲ್ಲ. ಸುಲ್ತಾನರ ಹೆಸರಿನಲ್ಲಿ ಇಂದು ಹೊಗಳಿಕೆಯ ಕಥೆಗಳೂ ಹರಿದಾಡುತ್ತವೆ, ದ್ವೇಷದ ಕಥೆಗಳೂ ಹರಿದಾಡುತ್ತವೆ. ನಮಗೆ ಹಿತವಾದ ಸುಳ್ಳನ್ನೂ ಒಪ್ಪದ ಮಗುವೇ ನಾಳೆ ಬೇರೆಯವರ ಸುಳ್ಳಿಗೆ ಧೈರ್ಯವಾಗಿ ಉತ್ತರ ಕೊಡಬಲ್ಲದು. ಇಂದು ರಾತ್ರಿ ಮಗನ, ಮಗಳ ನೋಟ್‌ಬುಕ್ ತೆರೆದು ಒಂದೇ ಪ್ರಶ್ನೆ ಕೇಳಿ: ‘ಇದನ್ನು ಯಾರು ಹೇಳಿದರು, ಎಲ್ಲಿ ಬರೆದಿದೆ?’

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ಸತ್ಯ ನುಡಿಯುವ ನಾಲಗೆಯನ್ನೂ ಕರುಣಿಸಲಿ. ಆಮೀನ್.